ಡನಾಂಗ್ ಕಡಲಿಗೆ ನಮ್ಮತ್ತೆ ಮೊದಲು ಇಳಿದರು

ದೇವನಹಳ್ಳಿ

ಸಮುದ್ರ ನೋಡುವ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು. ಆದರೆ ವಿಯೆಟ್ನಾಮಿನ ಡನಾಂಗ್ ಎಂಬ ಊರಿನ ಸಮುದ್ರವೇ ಆಗಬೇಕು ಎಂಬ ಹಟ ಹುಟ್ಟಿದ್ದು ವನಜಾಳ ಮೊಬೈಲ್ ಸ್ಟೇಟಸ್ ನೋಡಿದ ಮೇಲೆ. ವನಜಾ ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯವಳೇ. ಅವರ ಮನೆಯಲ್ಲೂ ಮಗ್ಗ, ನಮ್ಮ ಮನೆಯಲ್ಲೂ ಮಗ್ಗ. ಅವಳ ಗಂಡನೂ ಸೀರೆ ವ್ಯಾಪಾರಿ, ನನ್ನ ಗಂಡನೂ ಸೀರೆ ವ್ಯಾಪಾರಿ. ಅವಳು ಮಾತ್ರ ತಲೆಗೆ ಬಿದಿರಿನ ಚೂಪು ಟೋಪಿ ಹಾಕಿಕೊಂಡು, ಗಂಡನ ಹೆಗಲಿಗೆ ಒರಗಿ, ನೀಲಿ ನೀರಿನ ಮುಂದೆ ನಿಂತಿದ್ದಳು. ನಾನು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಾ ಆ ಚಿತ್ರವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ನಾವು ಧರ್ಮಸ್ಥಳದವರೆಗೆ ಹೋಗಿದ್ದೇವೆ, ಸುಬ್ರಹ್ಮಣ್ಯಕ್ಕೂ ಹೋಗಿದ್ದೇವೆ. ಪ್ರತಿ ಸಲವೂ ಸಮುದ್ರ ಇನ್ನೊಂದಿಷ್ಟು ದೂರವಿದೆ ಅನ್ನುವಾಗ ಅಂಗಡಿಯಿಂದ ಯಾರಾದರೂ ಫೋನ್ ಮಾಡುತ್ತಿದ್ದರು, ಗಾಡಿ ವಾಪಸ್ ತಿರುಗುತ್ತಿತ್ತು. ಈ ಸಲ ನಾನು ಬಿಡಲಿಲ್ಲ. ನಮ್ಮ ಮನೆಯವರು ಒಪ್ಪಿದರು. ನಾವಿಬ್ಬರೇ, ಮದುವೆಯಾದ ಮೇಲೆ ಮೊದಲ ಬಾರಿಗೆ ನಾವಿಬ್ಬರೇ ಎಂದು ನಾನು ಮನಸ್ಸಿನಲ್ಲೇ ಪೆಟ್ಟಿಗೆ ತುಂಬತೊಡಗಿದೆ. ನಿಜವಾದ ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಕೆಳಗೆ, ಯಾರಿಗೂ ಹೇಳದೆ ಕೊಂಡ ಒಂದು ಪ್ಯಾಂಟು ಮತ್ತು ಉದ್ದನೆಯ ಅಂಗಿ ಇಟ್ಟೆ. ನಮ್ಮತ್ತೆ ಶಂಕರಮ್ಮನ ಎದುರು ನಾನು ಚೂಡಿದಾರ ಹಾಕಿದವಳೂ ಅಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಅತ್ತೆ ಮುದ್ದೆ ಮುರಿಯುತ್ತಾ ಮಗನಿಗೆ ಹೇಳಿದರು: “ಸಮುದ್ರ ನಾನೂ ನೋಡಿಲ್ಲ ಕಣೋ ಮಂಜ.”

ಅಷ್ಟೇ. ಮಾರನೇ ದಿನ ಮೂರನೆಯ ಟಿಕೆಟ್ ಬಂತು.

ದೇವನಹಳ್ಳಿಯ ವಿಮಾನ ನಿಲ್ದಾಣ ನಮಗೆ ದೂರವೇನಲ್ಲ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ವಿಮಾನಗಳು ಹೊಟ್ಟೆ ತೋರಿಸಿಕೊಂಡು ಹೋಗುತ್ತವೆ. ಅದರೊಳಗಿನಿಂದ ನಮ್ಮ ಮಾಳಿಗೆ ಹೇಗೆ ಕಾಣುತ್ತದೋ ನೋಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನನ್ನ ಟಿಕೆಟ್ಟಿಗೆ ಕಿಟಕಿಯ ಸೀಟೇ ಬಂದಿತ್ತು.

“ಅಮ್ಮ ಕೂತ್ಕೊಳ್ಳಲಿ ಬಿಡೆ, ವಯಸ್ಸಾದೋರು. ನೀನು ಬರ್ತಾ ನೋಡ್ಕೊಳ್ಳೋವಂತೆ” ಎಂದರು ನಮ್ಮ ಮನೆಯವರು.

ವಿಮಾನ ಎದ್ದಾಗ ಅತ್ತೆ ಹಣೆಯನ್ನು ಗಾಜಿಗೆ ಒತ್ತಿ, “ನಂದಿಬೆಟ್ಟ ನೋಡ್ರೋ! ಇಷ್ಟೇ ಇಷ್ಟಾಗೋಗದೆ!” ಎಂದು ಕೂಗಿದರು. ನನಗೆ ಕಂಡದ್ದು ಅವರ ತುರುಬು.

ಮೀ ಖೆ ತೀರ

ಡನಾಂಗಿನ ಜನ ಸಮುದ್ರಕ್ಕೆ ಹೋಗುವುದು ಬೆಳಗಿನ ಜಾವ. ಬಿಸಿಲೇರಿದ ಮೇಲೆ ತೀರದಲ್ಲಿ ಉಳಿಯುವವರು ಹೊರಗಿನಿಂದ ಬಂದವರು ಮಾತ್ರ. ಇದು ನಮಗೆ ಗೊತ್ತಾದದ್ದು, ಹೊಸ ಜಾಗದಲ್ಲಿ ನಿದ್ದೆ ಬಾರದ ಅತ್ತೆ ನಮ್ಮ ಕೋಣೆಯ ಬಾಗಿಲನ್ನು ಕತ್ತಲಲ್ಲೇ ಬಡಿದು ಎಬ್ಬಿಸಿದ್ದರಿಂದ.

ರಸ್ತೆ ದಾಟಿದರೆ ಸಮುದ್ರ. ಊರಿಗೆ ಊರೇ ಅಲ್ಲಿತ್ತು. ಮುದುಕರು ನೀರಿನಲ್ಲಿ ಕುತ್ತಿಗೆಯವರೆಗೆ ನಿಂತು ಹರಟುತ್ತಿದ್ದರು. ನಮ್ಮಲ್ಲಿ ಅರಳಿಕಟ್ಟೆಯ ಮೇಲೆ ಕೂತು ಹರಟುವ ಹಾಗೆಯೇ, ಆದರೆ ನೀರೊಳಗೆ. ಹೆಂಗಸರು ಸಾಲಾಗಿ ನಿಂತು ಹಾಡು ಹಾಕಿಕೊಂಡು ಕೈಕಾಲು ಆಡಿಸುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮರಳಿನ ಮೇಲೆ ಒಂದು ಪೊಟ್ಟಣವಾಗಲಿ, ಒಂದು ತಟ್ಟೆಯಾಗಲಿ ಬಿದ್ದಿರಲಿಲ್ಲ. ಸಮುದ್ರದ ಅಂಚಿನಿಂದ ಸೂರ್ಯ ಮೇಲೆ ಬರುವುದನ್ನು ನೋಡಿ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಹೊಟ್ಟೆಕಿಚ್ಚು. ಇವರಿಗೆ ಇದು ದಿನಾ ಇದೆ. ಎದ್ದು, ಮುಖ ತೊಳೆಯುವ ಮೊದಲು ಇದಿದೆ. ನಾವು ಎದ್ದರೆ ನೀರಿನ ಟ್ಯಾಂಕರ್ ಬಂತೋ ಇಲ್ಲವೋ ಎಂದು ಬೀದಿ ಇಣುಕುತ್ತೇವೆ.

ನಾನು ಹೀಗೆ ನಿಂತಿರುವಾಗಲೇ ಅತ್ತೆ ಸೆರಗು ಬಿಗಿದು ನೇರ ನೀರಿಗೆ ಇಳಿದುಬಿಟ್ಟರು. ಅವರ ಹಿಂದೆ ಮಗ, ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯನ್ನು ಅಮ್ಮನಿಗೆ ಕೊಟ್ಟು. ನಾನು ಪಾದ ಮುಳುಗುವಷ್ಟು ನೀರಿನಲ್ಲಿ ಮೂವರ ಚಪ್ಪಲಿ ಹಿಡಿದುಕೊಂಡು ನಿಂತೆ. ಅತ್ತೆ ಪ್ರತಿ ಅಲೆಗೂ “ಗಂಗಮ್ಮಾ!” ಎಂದು ಕೂಗುತ್ತಿದ್ದರು. ಒಂದು ದೊಡ್ಡ ಅಲೆ ಬಂದು ಅವರನ್ನು ಕೂರಿಸಿಬಿಟ್ಟಿತು. ಅವರನ್ನು ಎಬ್ಬಿಸಿದ್ದು ಮಗನಲ್ಲ, ಪಕ್ಕದಲ್ಲಿ ಮೀಯುತ್ತಿದ್ದ ಒಬ್ಬ ಮುದುಕಿ. ಅತ್ತೆಯ ವಯಸ್ಸೇ ಇರಬಹುದು, ಅರ್ಧ ಗಾತ್ರ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು.

ಆಕೆಯ ಹೆಸರು ಲಿಯೆನ್. ಅತ್ತೆಯ ಬಾಯಲ್ಲಿ ಅದು ಅಲ್ಲೇ ಲೀಲಮ್ಮ ಆಯಿತು. ಲೀಲಮ್ಮನ ಮನೆ ನಮ್ಮ ಹೋಟೆಲಿನ ಹಿಂದಿನ ಓಣಿಯಲ್ಲಿ. ಅತ್ತೆಗೆ ಕನ್ನಡ ಮತ್ತು ತೆಲುಗು, ಆಕೆಗೆ ವಿಯೆಟ್ನಾಮೀಸ್. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದರು. ಕಷ್ಟಪಟ್ಟು ಇಂಗ್ಲಿಷ್ ಕಲಿತು ಬಂದಿದ್ದ ನನ್ನ ಜೊತೆ ಮಾತಾಡಿದವರು ಯಾರೂ ಇರಲಿಲ್ಲ.

ಅಂದು ಮಧ್ಯಾಹ್ನ ಮಲಗಿದ್ದ ಅತ್ತೆಯನ್ನು ಹೋಟೆಲಿನಲ್ಲಿ ಬಿಟ್ಟು ನಾವು ಊಟ ಹುಡುಕಲು ಹೋಗಿ, ಮೀನಿನ ಸಾರು ಹಾಕದ ಅಂಗಡಿ ಸಿಗದೆ, ಬರೀ ಅನ್ನ ಬಾಳೆಹಣ್ಣು ತಿಂದು ವಾಪಸ್ ಬಂದೆವು. ಹೋಟೆಲಿನ ಮುಂದೆ ಅತ್ತೆ ಕೂತಿದ್ದರು. ನಾನು ಅವರನ್ನು ಗುರುತಿಸಲಿಲ್ಲ. ಅಲ್ಲಿನ ಅಜ್ಜಿಯರೆಲ್ಲ ಹಾಕುವ ಹೂವಿನ ಚಿತ್ರದ ಸಡಿಲ ಅಂಗಿ, ಅದೇ ಬಟ್ಟೆಯ ಪೈಜಾಮ. ಅರಿಸಿನ ಬಣ್ಣದ ಮೇಲೆ ಕೆಂಪು ದಾಸವಾಳ. ಲೀಲಮ್ಮ ಸಂತೆಗೆ ಕರೆದುಕೊಂಡು ಹೋಗಿ ಕೊಡಿಸಿದ್ದಳಂತೆ.

“ಸೀರೆ ನೆಂದೋದ್ರೆ ಮಣ ಭಾರ ಕಣೆ. ಇದು ನೋಡು, ಗಾಳಿ ಆಡ್ತದೆ” ಎಂದರು ಅತ್ತೆ, ಕಾಲು ಚಾಚಿ ತೋರಿಸುತ್ತಾ.

ಮಗ ಹೊಟ್ಟೆ ಹಿಡಿದುಕೊಂಡು ನಕ್ಕು ಫೋಟೋ ತೆಗೆದರು. ನಾನು ಕೋಣೆಗೆ ಹೋಗಿ ಪೆಟ್ಟಿಗೆ ತೆರೆದು, ತಳದಲ್ಲಿದ್ದ ಪ್ಯಾಂಟನ್ನು ನೋಡಿ, ಮತ್ತೆ ಮುಚ್ಚಿದೆ. ಯಾರ ಹೆದರಿಕೆಗೆ ನಾನು ಅದನ್ನು ಬಚ್ಚಿಟ್ಟು ತಂದಿದ್ದೆನೋ ಅವರೇ ದಾಸವಾಳದ ಪೈಜಾಮದಲ್ಲಿ ಬೀದಿಯಲ್ಲಿ ಕೂತಿದ್ದರು. ಈಗ ಹಾಕಿಕೊಂಡರೆ ಅತ್ತೆಯನ್ನು ನೋಡಿ ಹಾಕಿಕೊಂಡಳು ಅನ್ನುತ್ತಾರೆ.

ಹೋಯಿ ಆನ್

ಡನಾಂಗಿನಿಂದ ಸ್ವಲ್ಪ ದೂರದಲ್ಲಿ ಹೋಯಿ ಆನ್ ಎಂಬ ಹಳೇ ಬಂದರಿನ ಊರಿದೆ. ಗೋಡೆಗಳೆಲ್ಲ ಹಳದಿ, ಬೀದಿಗೆ ಅಡ್ಡಲಾಗಿ ರೇಷ್ಮೆಯ ದೀಪದ ಬುಟ್ಟಿಗಳು. ಹೆಜ್ಜೆಗೊಂದು ದರ್ಜಿ ಅಂಗಡಿ. ಬೆಳಿಗ್ಗೆ ಅಳತೆ ಕೊಟ್ಟರೆ ಸಂಜೆಗೆ ಬಟ್ಟೆ.

ಒಂದು ಅಂಗಡಿಯ ಮುಂದೆ ಜನ ಮುತ್ತಿಕೊಂಡಿದ್ದರು. ನುಗ್ಗಿ ನೋಡಿದರೆ ಒಂದು ಕೈಮಗ್ಗ. ಒಬ್ಬ ಹೆಂಗಸು ನಿಧಾನವಾಗಿ ಲಾಳಿ ಆಡಿಸುತ್ತಿದ್ದಳು, ಸುತ್ತ ನಿಂತವರು ಉಸಿರು ಬಿಗಿಹಿಡಿದು ವಿಡಿಯೋ ಮಾಡುತ್ತಿದ್ದರು. ನಮ್ಮ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಮನೆಗೆ ಬಂದ ನೆಂಟರು ಎರಡನೇ ದಿನಕ್ಕೆ ತಲೆನೋವು ಅನ್ನುತ್ತಾರೆ. ಅದನ್ನು ನೋಡಲು ಯಾವ ದೇಶದವರೂ ಬಂದಿಲ್ಲ. ಈ ಊರು ತನ್ನ ಹಳೆತನವನ್ನು ಎಷ್ಟು ಚೆನ್ನಾಗಿ ಒರೆಸಿ, ದೀಪ ಹಚ್ಚಿ ಇಟ್ಟುಕೊಂಡಿದೆ ಎಂದು ನನಗೆ ಸಂಕಟವಾಯಿತು. ಇನ್ನೂ ನಿಂತು ಸಂಕಟಪಡುತ್ತಿದ್ದೆನೋ ಏನೋ, ಅತ್ತೆ ಆಕಳಿಸಿದರು.

“ಮನೇಲೂ ಇದೇ, ಇಲ್ಲೂ ಇದೇನಾ? ನಡೀರಿ ಅತ್ಲಾಗೆ.”

ಸಂಜೆ ಹೊಳೆಯಲ್ಲಿ ಸಣ್ಣ ದೋಣಿಗಳನ್ನು ಬಿಡುತ್ತಾರೆ. ದೋಣಿಯ ಮೂತಿಗೊಂದು ದೀಪ. ಜೋಡಿಗಳು ಕೂತು, ಕಾಗದದ ದೀಪವನ್ನು ನೀರಿಗೆ ತೇಲಿಬಿಟ್ಟು, ಏನನ್ನೋ ಬೇಡಿಕೊಳ್ಳುತ್ತಾರೆ. ವನಜಾ ಬೇಡಿಕೊಂಡ ಚಿತ್ರ ನನ್ನ ಕಣ್ಣಲ್ಲೇ ಇತ್ತು.

“ರೀ, ನಾವಿಬ್ರೂ ಒಂದು ಸುತ್ತು ಹೋಗ್ಬರೋಣ್ವಾ?” ಎಂದೆ ಮೆಲ್ಲಗೆ.

“ಅಮ್ಮ ಒಬ್ರೇ ದಡದಲ್ಲಿ ಹೆಂಗೆ ಇರ್ತಾರೆ?”

ಮೂವರೂ ಹತ್ತಿದೆವು. ಭಾರ ಸರಿಯಾಗಲೆಂದು ದೋಣಿಯವನು ಅತ್ತೆಯನ್ನು ನಡುವೆ ಕೂರಿಸಿದ. ನಾನು ಒಂದು ತುದಿ, ಗಂಡ ಇನ್ನೊಂದು ತುದಿ. ಕಾಗದದ ದೀಪವನ್ನು ಅತ್ತೆಯೇ ಬಿಟ್ಟರು. ಬಿಡುವಾಗ ಕಣ್ಣು ಮುಚ್ಚಿ ಬಹಳ ಹೊತ್ತು ಏನೋ ಬೇಡಿಕೊಂಡರು. ನಾನು ಬೇಡಿಕೊಳ್ಳಲು ಹೋದಾಗ ದೀಪ ಆಗಲೇ ಬೇರೆ ದೋಣಿಗಳ ನಡುವೆ ಸೇರಿಕೊಂಡು ಯಾವುದೆಂದು ಗೊತ್ತಾಗಲಿಲ್ಲ.

ತೆಂಗಿನ ಹಿನ್ನೀರು

ಹೋಯಿ ಆನ್ ಪಕ್ಕದಲ್ಲೇ ನೀರಿನೊಳಗೆ ಬೆಳೆಯುವ ಒಂದು ಜಾತಿಯ ತೆಂಗಿನ ಕಾಡಿದೆ. ಅಲ್ಲಿ ಬಿದಿರಿನ ದುಂಡನೆಯ ಬುಟ್ಟಿದೋಣಿಗಳಲ್ಲಿ ಸುತ್ತಿಸುತ್ತಾರೆ, ನಮ್ಮ ಹರಿಗೋಲೇ. ಹುಟ್ಟು ಹಾಕುವವರನ್ನು ಬಿಟ್ಟರೆ ಒಂದರಲ್ಲಿ ಇಬ್ಬರು ಮಾತ್ರ ಕೂರಬಹುದು.

ಗಿರಗಿರನೆ ತಿರುಗುತ್ತಿದ್ದ ಬುಟ್ಟಿಗಳನ್ನು ನೋಡಿಯೇ ನಮ್ಮ ಮನೆಯವರ ಮುಖ ಬಿಳಿಚಿತು. “ನಂಗೆ ತಲೆ ಸುತ್ತುತ್ತೆ. ನೀವಿಬ್ರೂ ಹೋಗಿ, ನಾನು ಇಲ್ಲಿಂದ ವಿಡಿಯೋ ತೆಗೀತೀನಿ” ಎಂದು ನಿಂತುಬಿಟ್ಟರು.

ಹೀಗೆ ಅತ್ತೆ ಸೊಸೆ ಇಬ್ಬರೂ ಒಂದೇ ಬುಟ್ಟಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಹುಟ್ಟು ಹಾಕುತ್ತಿದ್ದ ಹೆಂಗಸು ತೆಂಗಿನ ಗರಿಯಿಂದ ಮಿಡತೆ ಮಾಡಿ ಅತ್ತೆಯ ಕೈಗೆ ಕೊಟ್ಟಳು. ನನಗೆ ಕೊಡಲಿಲ್ಲ.

ಮರಗಳ ನೆರಳಿಗೆ ಬಂದಾಗ ಅತ್ತೆ ಕೇಳಿದರು: “ಏನಾಗದೆ ನಿಂಗೆ? ಬಂದಾಗಿಂದ ಮುಖ ಊದಿಸ್ಕೊಂಡೇ ಇದ್ದೀಯ.”

“ಏನಿಲ್ಲ ಅತ್ತೆ.”

“ಏನಿಲ್ಲ ಅನ್ನೋ ಮುಖಾನಾ ಇದು? ನಿನ್ ಗಂಡಂಗೆ ಕಾಣಲ್ಲ, ನಂಗೆ ಕಾಣ್ತದೆ.”

ಆಗಲೇ ಆ ಹೆಂಗಸು, ನಮ್ಮನ್ನು ನಗಿಸಬೇಕೆಂದು, ಬುಟ್ಟಿಯನ್ನು ಬುಗುರಿಯಂತೆ ತಿರುಗಿಸಿಬಿಟ್ಟಳು. ಮರ, ಆಕಾಶ, ನೀರು ಎಲ್ಲ ಒಂದಾಯಿತು. ಅದು ನಿಂತಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಹೊಟ್ಟೆ ಉರೀತದೆ ಅತ್ತೆ. ನಿಮ್ಮನ್ನ ಕಂಡ್ರೆ ಹೊಟ್ಟೆ ಉರೀತದೆ. ಸಮುದ್ರ ನೋಡ್ಬೇಕು ಅಂತ ಇಷ್ಟು ವರ್ಷ ಬಾಯಿ ಬಡ್ಕೊಂಡೋಳು ನಾನು. ಕಿಟಕಿ ನಿಮ್ಗೆ, ಅಲೆ ನಿಮ್ಗೆ, ದೀಪ ನಿಮ್ಗೆ. ನಾನೂ ಅವರೂ ಇಬ್ರೇ ಬರ್ಬೇಕು ಅಂದ್ಕೊಂಡಿದ್ದೆ. ಒಂದೇ ಒಂದು ಸಲ.”

ಅತ್ತೆ ಕೈಯಲ್ಲಿದ್ದ ಮಿಡತೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ದಡ ಬಂದಾಗ “ಹುಷಾರು, ಜಾರ್ತದೆ” ಎಂದಷ್ಟೇ ಹೇಳಿ ಇಳಿದರು.

ನಮ್ಮ ಮನೆಯವರು ಓಡಿ ಬಂದರು. “ಸೂಪರ್ ವಿಡಿಯೋ ಬಂದದೆ! ಇಬ್ರೂ ಏನೋ ಮಾತಾಡ್ತಿದ್ರಿ, ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ!”

ಸೋನ್ ಟ್ರಾ ಬೆಟ್ಟ

ಮಾರನೇ ಬೆಳಿಗ್ಗೆ ಅತ್ತೆ ಮಗನಿಗೆ ಮಂಡಿ ನೋವು ಎಂದರು. “ನಂಗೆ ಬೆಟ್ಟಗಿಟ್ಟ ಹತ್ತಕ್ಕಾಗಲ್ಲಪ್ಪ. ನೀವಿಬ್ರೂ ಹೋಗ್ಬನ್ನಿ.” ನನ್ನ ಕಡೆ ನೋಡಲಿಲ್ಲ. ಮೊನ್ನೆಯಷ್ಟೇ ಆ ಮಂಡಿ ಅಲೆಯೊಳಗೆ ಕುಣಿದದ್ದನ್ನು ನಾನು ನೋಡಿದ್ದೆ.

ನಾನು ಪ್ಯಾಂಟು ಹಾಕಿಕೊಂಡೆ. ನಮ್ಮ ಮನೆಯವರು ಬಾಗಿಲಲ್ಲೇ ನಿಂತು ಮೇಲಿನಿಂದ ಕೆಳಗೆ ನೋಡಿದರು.

“ಇದ್ಯಾವಾಗ ತಗೊಂಡೆ?”

“ಚೆನ್ನಾಗಿಲ್ವಾ?”

“ಚೆನ್ನಾಗದೆ ಕಣೆ. ಚೆನ್ನಾಗೇ ಅದೆ.”

ಸೋನ್ ಟ್ರಾ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಬೆಟ್ಟ. ಅದರ ಮೇಲೆ ಕಡಲಿಗೆ ಮುಖ ಮಾಡಿ ಬೆಳ್ಳಗೆ, ಎತ್ತರಕ್ಕೆ ಬೌದ್ಧರ ಕರುಣೆಯ ದೇವಿಯ ಮೂರ್ತಿ ನಿಂತಿದೆ. ಮೀನಿಗೆ ಹೋದವರನ್ನು ಕಾಯುತ್ತಾಳಂತೆ. ಅಲ್ಲಿಂದ ಕೆಳಗೆ ನೋಡಿದರೆ ಇಡೀ ಊರು ಬಿಲ್ಲಿನಂತೆ ಬಾಗಿದೆ. ಒಂದು ಕಡೆ ನೀಲಿ, ಒಂದು ಕಡೆ ಕಟ್ಟಡಗಳು, ನಡುವೆ ಮರಳಿನ ಗೆರೆ. ಒಂದೇ ಊರಿಗೆ ಹೊಳೆ, ಕಡಲು, ಬೆಟ್ಟ ಮೂರನ್ನೂ ಕೊಟ್ಟವರು ಹಂಚುವಾಗ ನಮ್ಮ ಕಡೆ ತಿರುಗಿಯೂ ನೋಡಲಿಲ್ಲವಲ್ಲ ಎನಿಸಿತು.

ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಬೇಯಿಸಿದ ಜೋಳದ ತೆನೆ ತಿಂದೆವು. ಅವರು ಅಂಗಡಿಯಿಂದ ಬಂದ ಫೋನನ್ನು ಕಟ್ ಮಾಡಿ ಜೇಬಿಗೆ ಹಾಕಿದರು, ನನ್ನ ಕಣ್ಣೆದುರೇ.

“ನೀನು ಅಂದ್ಕೊಂಡಂಗೆ ಅದೆಯಾ?” ಎಂದು ಕೇಳಿದರು.

“ಅದೆ” ಎಂದೆ. ಸುಳ್ಳಲ್ಲ. ಗಾಳಿ ಬೀಸುತ್ತಿತ್ತು, ಅವರ ಹೆಗಲು ಪಕ್ಕದಲ್ಲೇ ಇತ್ತು. ನಾನು ಒರಗಿದೆ. ಯಾರನ್ನಾದರೂ ಫೋಟೋ ತೆಗೆಯಲು ಕೇಳಬಹುದಿತ್ತು, ಕೇಳಲಿಲ್ಲ.

ಆದರೂ ಇಳಿಯುವಾಗ ಅಂಗಡಿಯೊಂದರಲ್ಲಿ ಮೆತ್ತನೆಯ ಸೀತಾಫಲ ಕಂಡು, ಅತ್ತೆಗೆ ಇಷ್ಟವೆಂದು ಕೊಂಡವಳು ನಾನೇ.

ಲೀಲಮ್ಮನ ಓಣಿ

ಹೋಟೆಲಿಗೆ ಬಂದರೆ ಅತ್ತೆಯ ಕೋಣೆ ಖಾಲಿ. ಫೋನು ಮಂಚದ ಮೇಲೆ ಬಿದ್ದಿತ್ತು. ತೀರಕ್ಕೆ ಓಡಿದೆವು. ನೆತ್ತಿಯ ಮೇಲೆ ಬಿಸಿಲು, ಮರಳಿನ ಮೇಲೆ ಒಬ್ಬ ಅಜ್ಜಿಯೂ ಇಲ್ಲ. ಬೆಳಿಗ್ಗೆ ಅಷ್ಟು ಚೆನ್ನಾಗಿ ಕಂಡಿದ್ದ ಸಮುದ್ರವನ್ನು ಈಗ ನೋಡಲು ಭಯವಾಗುತ್ತಿತ್ತು. ಭಾಷೆ ಬಾರದ ಊರಿನಲ್ಲಿ ಈ ಮುದುಕಿಯನ್ನು ಒಬ್ಬಳೇ ಬಿಟ್ಟುಹೋಗುವಂತೆ ಮಾಡಿದ್ದು ಯಾರೆಂದು ನನಗೆ ಗೊತ್ತಿತ್ತು, ನಮ್ಮ ಮನೆಯವರಿಗೆ ಗೊತ್ತಿರಲಿಲ್ಲ.

ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಗಾಬರಿ ನೋಡಿ ತನ್ನ ಫೋನಿನಲ್ಲಿ ಏನೋ ಬರೆದು, ಕನ್ನಡಕ್ಕೆ ತಿರುಗಿಸಿ ತೋರಿಸಿದಳು: “ಮುದುಕಿ ಇನ್ನೊಂದು ಮುದುಕಿಯನ್ನು ತೆಗೆದುಕೊಂಡು ಹಿಂದೆ ಹೋಗಿದೆ.”

ಹಿಂದಿನ ಓಣಿಗೆ ಓಡಿದೆವು. ಒಂದು ಹಸಿರು ಬಾಗಿಲ ಮುಂದೆ, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ, ಇಬ್ಬರೂ ಕೂತಿದ್ದರು. ಪಕ್ಕದ ತಟ್ಟೆಯಲ್ಲಿ ಹಲಸಿನ ತೊಳೆ. ಮುಂದಿನ ಸ್ಟೂಲಿನಲ್ಲಿ ಲೀಲಮ್ಮ, ಬಿಳಿ ಕೂದಲನ್ನು ಬಿಚ್ಚಿ ಹರಡಿಕೊಂಡು. ಹಿಂದಿನ ಸ್ಟೂಲಿನಲ್ಲಿ ಅತ್ತೆ, ಊರಿನಿಂದ ತಂದ ಕೊಬ್ಬರಿ ಎಣ್ಣೆಯನ್ನು ಅವಳ ನೆತ್ತಿಗೆ ತಟ್ಟಿ ತಟ್ಟಿ, ಬೈತಲೆ ತೆಗೆದು ಬಾಚುತ್ತಿದ್ದರು. ಏನೋ ಹೇಳುತ್ತಿದ್ದರು. ಲೀಲಮ್ಮ ಕಣ್ಣು ಮುಚ್ಚಿ ಹೂಂಗುಟ್ಟುತ್ತಿದ್ದಳು.

“ಅಮ್ಮಾ! ಹೇಳ್ದೆ ಕೇಳ್ದೆ ಎಲ್ಲಿಗ್ ಬಂದ್ಬಿಟ್ಟೆ? ಜೀವ ಹೋಗಿತ್ತು ನಮ್ಗೆ!”

“ನಾನೇನು ಮಗೂನೇನೋ ಕಳೆದೋಗಕ್ಕೆ? ಲೀಲಮ್ಮನ ಮನೆ ಇದು. ಕೂತ್ಕೋ, ಹಣ್ಣು ತಿನ್ನು.”

ನಾನು ಬೈಯಬೇಕೆಂದೇ ಬಂದಿದ್ದೆ. ಆದರೆ ನನ್ನ ಕಣ್ಣು ಆ ಬಾಚಣಿಗೆಯ ಮೇಲಿಂದ ಕದಲಲಿಲ್ಲ. ಅತ್ತೆಯ ಮನೆಗೆ ನಾನು ಸೊಸೆಯಾಗಿ ಬಂದು ಎಷ್ಟು ವರ್ಷವಾಯಿತು! ಒಂದೇ ಒಲೆ, ಒಂದೇ ಬಚ್ಚಲು, ಒಂದೇ ಎಣ್ಣೆ ಬಾಟಲಿ. ಮೊನ್ನೆ ನೀರಿನಲ್ಲಿ ಸಿಕ್ಕವಳ ತಲೆ ಈಗ ಅವರ ಕೈಯಲ್ಲಿ.

“ನನ್ನ ತಲೆ ಒಂದಿನಾನೂ ಬಾಚಿಲ್ಲ ನೀವು” ಎಂದುಬಿಟ್ಟೆ.

ಅತ್ತೆಯ ಕೈ ನಿಂತಿತು.

“ಬಂದ ಹೊಸದ್ರಲ್ಲಿ ಒಂದ್ಸಲ ಕರೆದಿದ್ದೆ. ಎಣ್ಣೆ ಕೈಲಿಟ್ಕೊಂಡು ಜಗಲಿ ಮೇಲೆ ಕೂತಿದ್ದೆ. ‘ಬೇಡ ಅತ್ತೆ, ನಾನೇ ಬಾಚ್ಕೋತೀನಿ’ ಅಂದೆ ನೀನು. ಆಮೇಲೆ ಕರೀಲಿಲ್ಲ.”

“ನಂಗೆ ಜ್ಞಾಪಕಾನೇ ಇಲ್ಲ.”

“ನಂಗದೆ.”

ನಮ್ಮ ಮನೆಯವರು ಒಂದು ತೊಳೆ ಬಾಯಿಗಿಟ್ಟುಕೊಂಡು, ಇದೇನು ನಡೆಯುತ್ತಿದೆ ಎಂದು ನಮ್ಮಿಬ್ಬರನ್ನೂ ನೋಡಿದರು. ಲೀಲಮ್ಮನಿಗೆ ಒಂದು ಮಾತೂ ತಿಳಿಯದು. ಆದರೂ ಅವಳು ಕೈಚಾಚಿ ಇನ್ನೊಂದು ಸ್ಟೂಲನ್ನು ಎಳೆದು, ಅತ್ತೆಯ ಮುಂದೆ, ತನ್ನ ಪಕ್ಕದಲ್ಲಿಟ್ಟು, ಅದರ ಮೇಲೆ ತಟ್ಟಿದಳು. ನಾನು ಕೂತೆ. ಜಡೆ ನಾನೇ ಬಿಚ್ಚಿದೆ.

ಅತ್ತೆಯ ಬೆರಳುಗಳು ಗಟ್ಟಿ. ನೆತ್ತಿಯ ಮೇಲೆ ಅವು ಒತ್ತಿದಾಗ ಕಣ್ಣಲ್ಲಿ ನೀರು ಬಂತು. ನೋವಿಗೆ ಎಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ.

“ಎಷ್ಟು ಉದುರದೆ ನೋಡು ಕೂದ್ಲು” ಎಂದರು. “ಹೊಟ್ಟೆ ಉರ್ಕೊಂಡು ಉರ್ಕೊಂಡು.”

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಬಂತು. ಅಷ್ಟರಲ್ಲಿ ಲೀಲಮ್ಮ ಅತ್ತೆಯ ತೋಳನ್ನು ಹಿಡಿದು ಜಗ್ಗಿ, ಅರ್ಧ ಬಾಚಿದ ತನ್ನ ತಲೆಯನ್ನು ತೋರಿಸಿ, ಮೂತಿ ಉಬ್ಬಿಸಿದಳು. ಆ ಉಬ್ಬಿದ ಮೂತಿ ಕಂಡು ನನಗೆ ಅವಳ ಮೇಲೆ ಮೊದಲ ಬಾರಿಗೆ ಪ್ರೀತಿ ಬಂತು. ಆದರೂ ನಾನು ಏಳಲಿಲ್ಲ. ಜಡೆ ಪೂರ್ತಿ ಹೆಣೆಯುವ ತನಕ ಕೂತೇ ಇದ್ದೆ.

ಕೊನೆಯ ಬೆಳಗು

ಹೊರಡುವ ದಿನ ಮೂವರೂ ಸೂರ್ಯನಿಗಿಂತ ಮೊದಲು ತೀರದಲ್ಲಿದ್ದೆವು. ಅತ್ತೆ ದಾಸವಾಳದ ಪೈಜಾಮದಲ್ಲಿ, ನಾನು ನನ್ನ ಪ್ಯಾಂಟಿನಲ್ಲಿ. ನೀರಿನ ಒಳಗಿನಿಂದ ಲೀಲಮ್ಮ ಆಗಲೇ ಕೈ ಬೀಸಿ ಕೂಗುತ್ತಿದ್ದಳು. ಅತ್ತೆ ಅವಳ ಕಡೆ ಓಡಿದರು. ಲೀಲಮ್ಮ ಅವರ ಒಂದು ಕೈ ಹಿಡಿದುಕೊಂಡಳು. ಇನ್ನೊಂದು ಕೈ ಖಾಲಿ ಇತ್ತು. ಅದು ಬಹಳ ಹೊತ್ತು ಖಾಲಿ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು, ಸುತ್ತ ಅಷ್ಟೊಂದು ಅಜ್ಜಿಯರಿದ್ದರು. ಚಪ್ಪಲಿಗಳನ್ನು ಗಂಡನ ಕೈಗೆ ತುರುಕಿ ಓಡಿದೆ.

ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಮೊದಲ ಅಲೆಗೆ ನನ್ನ ಬಾಯ್ತುಂಬ ಉಪ್ಪು. ಅತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು.

“ಅಲೆ ಬಂದಾಗ ನಿಲ್ಲಬ್ಯಾಡ, ಎಗರು!” ಎಂದು ಕಿರುಚಿದರು. ಎಗರಿದೆ. ಮೂವರೂ ಎಗರಿದೆವು. ಲೀಲಮ್ಮ “ಗಂಗಮ್ಮಾ!” ಎಂದು ಕೂಗಿದಳು, ಅಚ್ಚುಕಟ್ಟಾಗಿ, ನಮ್ಮೂರಿನವಳ ಹಾಗೆ.

ದಡದಿಂದ ನಮ್ಮ ಮನೆಯವರ ದನಿ ಬಂತು. “ನಾನೂ ಬರ್ಲಾ?”

“ಚಪ್ಪಲಿ ಯಾರು ನೋಡ್ಕೋತಾರೋ? ಅಲ್ಲೇ ಇರು!” ಎಂದರು ಅತ್ತೆ, ತಿರುಗಿಯೂ ನೋಡದೆ.

ನಾನು ತಿರುಗಿ ನೋಡಿದೆ. ಪಾದ ಮುಳುಗುವಷ್ಟು ನೀರಿನಲ್ಲಿ, ಎರಡೂ ಕೈಯಲ್ಲಿ ಚಪ್ಪಲಿ ಹಿಡಿದು ಅವರು ನಿಂತಿದ್ದರು. ಮುಖ ಸ್ವಲ್ಪ ಊದಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಈ ಊರಿಗೆ ಬಂದಾಗಿನಿಂದ ಹೋಟೆಲಿನ ಕನ್ನಡಿಯಲ್ಲಿ ದಿನಾ ನೋಡಿದ್ದೆ. ನೋಡಿ, ಹೇಳಬಾರದು, ಬಹಳ ಸಂತೋಷವಾಯಿತು. ಅಷ್ಟರಲ್ಲಿ ದೊಡ್ಡ ಅಲೆ ಬಂತು.